ಭೂತದ ಕುಣಿತ ಓಡಿಸ್ಬೇಡಿ

ಸುಮಾ, ಟೈಪ್ ಮಾಡ್ತಾ ಕೂತ್ರೆ ನಂಗೆ ರಾತ್ರಿಯಾಗತ್ತೆ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಹಿಂದೆ ಕುಕ್ಕರ್ ಕೂಗಿದ್ರೆ ತಲೆ ಕೆಡಿಸ್ಕೋಬೇಡ. ದಸರಾ ರಜಕ್ಕೆ ಮಕ್ಕಳೆಲ್ಲ ಸೇರ್ತಾರಲ್ಲ, ಆ ಬಂಗಾಳಿ ಸಿನಿಮಾ, ಸತ್ಯಜಿತ್ ರೇ ಅವರ ‘ಗೂಪಿ ಗೈನ್ ಬಾಘಾ ಬೈನ್’, ತೋರಿಸ್ಲಾ ಬೇಡ್ವಾ ಅಂತ ಕೇಳಿದ್ಯಲ್ಲ. ಅದಕ್ಕೆ ಭಾವ ಬೆಳಿಗ್ಗೇನೇ ಗ್ರೂಪಲ್ಲಿ ಬರೆದುಬಿಟ್ರು, ‘ಹಳೇ ಕಪ್ಪು ಬಿಳುಪು, ಭೂತಗಳು ಕುಣಿಯೋದೇ ಆರು ನಿಮಿಷ, ನಾನು ಅದನ್ನ ಫಾರ್ವರ್ಡ್ ಮಾಡಿ ಓಡಿಸ್ಕೊಂಡು ನೋಡ್ದೆ’ ಅಂತ. ಭಾವ, ಬೇಜಾರ್ ಮಾಡ್ಕೋಬೇಡಿ, ನೀವು ಓಡಿಸಿದ್ದೇ ಅದರಲ್ಲಿರೋ ಒಳ್ಳೇ ಭಾಗ!

ಮೊದಲು ಕತೆ ಹೇಳ್ತೀನಿ, ಗೊತ್ತಿಲ್ದೇ ಇರೋರಿಗೆ. ಗೂಪಿಗೆ ಹಾಡೋ ಹುಚ್ಚು, ಗಂಟಲು ಮಾತ್ರ ದೇವರಿಗೇ ಪ್ರೀತಿ. ರಾಜ ಕತ್ತೆ ಮೇಲೆ ಕೂರಿಸಿ ಊರಾಚೆ ಅಟ್ತಾನೆ. ಬಾಘಾಂದೂ ಅದೇ ಪಾಡು, ಅವನದು ಢೋಲು. ಇಬ್ಬರೂ ಸಿಗೋದು ಕಾಡಲ್ಲಿ. ಬಾಘಾ ಮಲಗಿದಾನೆ, ಪಕ್ಕದಲ್ಲಿರೋ ಢೋಲಿನ ಮೇಲೆ ನೀರಿನ ಹನಿ ಟಪ್, ಟಪ್ ಅಂತ ಬೀಳ್ತಿರತ್ತೆ. ಅಷ್ಟೇ. ಒಂದು ಮಾತಿಲ್ಲ. ಆ ಸದ್ದಿಗೇ ಗೂಪಿ ತಿರುಗಿ ನೋಡೋದು. ಸಿನಿಮಾ ಪೂರ್ತಿ ಹೀಗೇನೇ, ಕಣ್ಣಿಗಿಂತ ಮೊದಲು ಕಿವಿಗೆ ಬರತ್ತೆ.

ಈಗ, ಅದೇ ಕಾಡಲ್ಲಿ ಇವರಿಬ್ಬರ ಮುಂದೆ ನಡೆಯೋ ಆ ಭೂತದ ಕುಣಿತ. ನಾಲ್ಕು ಜಾತಿ ಭೂತ: ರಾಜರು, ರೈತರು, ಬ್ರಿಟಿಷ್ ಸಾಹೇಬರು, ಆಮೇಲೆ ಡೊಳ್ಳುಹೊಟ್ಟೆಯೋರು. ವಾದ್ಯ ಯಾವ್ದು ಗೊತ್ತಾ? ನಮ್ಮ ಸಂಗೀತ ಕಛೇರಿಯವೇ! ರಾಜರಿಗೆ ಮೃದಂಗ, ರೈತರಿಗೆ ಖಂಜಿರ, ಸಾಹೇಬರಿಗೆ ಘಟ, ಹೊಟ್ಟೆಯೋರಿಗೆ ಬಾಯಲ್ಲಿಟ್ಟು ಮೀಟೋ ಮೋರ್ಚಿಂಗ್. ಸಾಹೇಬರು ಮರದ ಗೊಂಬೆ ಥರ ಸೆಟೆದ್ಕೊಂಡು ಕಾಲು ಹಾಕ್ತಾರೆ, ಘಟ ಟಣ್ ಟಣ್ ಅನ್ನತ್ತೆ. ಹೊಟ್ಟೆಯೋರು ಬಂದ ಕೂಡ್ಲೆ ಮೋರ್ಚಿಂಗ್ ಬೊಯ್ಂಯ್ ಅಂತ ನಗಿಸತ್ತೆ. ಕುಣೀತಾ ಕುಣೀತಾ ಒಳಗೊಳಗೇ ಹೊಡೆದಾಡಿಕೊಳ್ತಾರೆ, ಕೊನೆಗೆ ನಾಲ್ಕೂ ಗುಂಪು ಒಂದರ ಮೇಲೊಂದು ಸಾಲಾಗಿ ನಿಂತು ಕುಣಿಯತ್ತೆ. ಕಛೇರೀಲಿ ತಾಳವಾದ್ಯದೋರು ಮಾತ್ರ ನುಡಿಸೋ ತನಿ ಆವರ್ತನ ಕಣ್ರೀ ಇದು! ರಾಮೋತ್ಸವದಲ್ಲಿ ತನಿ ಶುರುವಾಗ್ತಿದ್ದ ಹಾಗೇ ಕಾಫಿಗೆ ಏಳೋರನ್ನ ನಮ್ಮಪ್ಪ ಹೆಂಗೆ ದುರುಗುಟ್ಟಿ ನೋಡ್ತಿದ್ರು ನೆನಪಿದ್ಯಾ? ಭಾವ, ನೀವು ಆ ಸಾಲಿಗೆ ಸೇರಿಬಿಟ್ರಿ. ಸಂಗೀತ ಮಾಡಿದ್ದೂ ರೇ ಅವರೇ, ಭೂತರಾಜನ ಧ್ವನೀನೂ ಅವರದ್ದೇ.

ಭೂತರಾಜ ಕೊಡೋ ವರಾನೂ ಮಜಾ ಇದೆ. ಊಟ, ಬಟ್ಟೆ, ಎಲ್ಲಿಗೆ ಬೇಕಾದ್ರೂ ಹೋಗೋ ಚಪ್ಪಲಿ, ಆಮೇಲೆ ಕೇಳಿದೋರು ಅಲ್ಲಾಡದ ಹಾಗೆ ಮಾಡೋ ಸಂಗೀತ. ಊಟ ಬೇಕಂದ್ರೆ ಒಬ್ಬನ ಕೈಗೆ ಇನ್ನೊಬ್ಬ ತಟ್ಟಬೇಕು, ಒಬ್ಬನೇ ತಟ್ಕೊಂಡ್ರೆ ಏನೂ ಬರಲ್ಲ. ಶುಂಡಿ ಅನ್ನೋ ಊರಿಗೆ ಹೊರಟೋರು ಹೆಸರು ಮರೆತು ಏನೋ ಒಂದು ಕೂಗಿ ಒಂದ್ಸಲ ಹಿಮದಲ್ಲಿ ಬೀಳ್ತಾರೆ, ಇನ್ನೊಂದ್ಸಲ ಮರಳಲ್ಲಿ. ಅಲ್ಲಿ ನಮ್ಮ ಚಿಕ್ಕೋನು ಕುರ್ಚಿಯಿಂದ ಕೆಳಗೆ ಬಿದ್ದು ನಕ್ಕಿದ್ದ.

ತಪ್ಪೇ ಇಲ್ವಾ ಅಂದ್ರೆ, ಇದೆಯಮ್ಮಾ. ಶುಂಡಿ ಮೇಲೆ ಯುದ್ಧಕ್ಕೆ ಹೊರಟಿರೋ ಹಲ್ಲಾ ರಾಜ್ಯಕ್ಕೆ ಇವರು ಹೋದ ಮೇಲೆ ಜಗ್ಗತ್ತೆ. ಸೆರೆಮನೆ, ಮಂತ್ರಿ, ಮಂತ್ರವಾದಿ, ಓಡಾಟವೋ ಓಡಾಟ, ನಾನೇ ಒಂದ್ಸಲ ಒಗೆದ ಬಟ್ಟೆ ಮಡಿಸಿ ಬಂದೆ. ಎರಡು ಗಂಟೆ ಸಿನಿಮಾಲಿ ಇಪ್ಪತ್ತು ನಿಮಿಷ ಆರಾಮಾಗಿ ಕಡಿಮೆ ಮಾಡ್ಬೋದಿತ್ತು. ಆದ್ರೂ ಆ ಹಲ್ಲಾ ರಾಜ ಇದಾನಲ್ಲ, ಮದ್ದು ಕುಡಿಸಿದ್ರೆ ಕ್ರೂರಿ, ಇಳಿದ್ರೆ ರಜ ಸಿಕ್ಕ ಮಗು. ಶುಂಡಿ ರಾಜನ ಪಾತ್ರವೂ ಅದೇ ನಟಂದು, ಸಂತೋಷ್ ದತ್ತ. ಮಕ್ಕಳಿಗೆ ಮೊದಲೇ ಹೇಳ್ಬೇಡ, ಅವರೇ ಕಂಡುಹಿಡೀಲಿ.

ನನಗೆ ನಿಜವಾಗ್ಲೂ ಇರಿಸುಮುರಿಸಾಗೋದು ಹೆಣ್ಣುಮಕ್ಕಳ ವಿಷಯ. ಸಿನಿಮಾ ತುಂಬ ಗಂಡಸರೇ. ರಾಜಕುಮಾರಿಯರು ಬರೋದು ಕೊನೇಲಿ, ಗೆದ್ದೋರಿಗೆ ಹಂಚೋ ಬಹುಮಾನದ ಹಾಗೆ, ಇವನಿಗೊಬ್ಬಳು, ಅವನಿಗೊಬ್ಬಳು. ಅವರಿಗೇನು ಬೇಕು ಅಂತ ಯಾರೂ ಕೇಳಲ್ಲ. 1969ರ ಸಿನಿಮಾ, ಕತೆ ಇನ್ನೂ ಹಳೇದು, ರೇ ಅವರ ತಾತ ಉಪೇಂದ್ರಕಿಶೋರ್ ಬರೆದಿದ್ದು, ಅದು ಸರಿ. ಆದ್ರೂ ನಿನ್ನ ಮಗಳು ಸುಮ್ನೆ ಬಿಡೋಳಲ್ಲ, ‘ಅವಳೂ ಹಾಡ್ಬೋದಿತ್ತಲ್ವಾ’ ಅಂತ ಕೇಳೇ ಕೇಳ್ತಾಳೆ. ಉತ್ತರ ರೆಡಿ ಇಟ್ಕೋ, ನನ್ನ ಹತ್ರ ಇಲ್ಲ.

ಕಪ್ಪು ಬಿಳುಪಿನ ವಿಷಯಕ್ಕೆ ಬಂದ್ರೆ, ರೇ ಅವರಿಗೂ ಬಣ್ಣದಲ್ಲೇ ತೆಗೀಬೇಕು ಅಂತಿತ್ತು, ದುಡ್ಡು ಸಾಲ್ಲಿಲ್ಲ. ಕೊನೇ ದೃಶ್ಯಕ್ಕೆ ಮಾತ್ರ ಬಣ್ಣ ಬರತ್ತೆ, ಮಕ್ಕಳು ‘ಹೋ’ ಅಂತಾರೆ ನೋಡು. ಸಬ್‌ಟೈಟಲ್ ಓದಕ್ಕಾಗದ ಚಿಕ್ಕೋರಿಗೆ ನೀನು ಪಕ್ಕ ಕೂತು ಹೇಳ್ತಾ ಹೋಗು. ಹಾಡು ಬಂದಾಗ ಮಾತ್ರ ಬಾಯಿ ಮುಚ್ಕೋ, ಹಾಡಿರೋ ಅನೂಪ್ ಘೋಷಾಲ್ ಅವರ ದನಿಗೆ ಅನುವಾದ ಬೇಡ.

ಇನ್ನೊಂದು. ಹೊಟ್ಟೆಗಿಲ್ಲದ ಹಲ್ಲಾ ಸೈನಿಕರನ್ನ ಒಂಟೆ ಹತ್ತಿಸಿ ಯುದ್ಧಕ್ಕೆ ಕಳಿಸ್ತಾರೆ, ಇವರಿಬ್ಬರೂ ಹಾಡಿ ಅವರನ್ನ ನಿಲ್ಲಿಸ್ತಾರೆ, ಆಕಾಶದಿಂದ ಗಡಿಗೆ ಗಡಿಗೆ ಸಿಹಿ ಇಳಿಯತ್ತೆ, ಸೈನ್ಯವೆಲ್ಲ ಯುದ್ಧ ಬಿಟ್ಟು ಅದಕ್ಕೆ ಮುಗಿಬೀಳತ್ತೆ. ಅಷ್ಟು ಹೊತ್ತಿಗೆ ಮನೇಲಿ ಏನಾದ್ರೂ ಸಿಹಿ ಇರ್ಲಿ. ಹೋದ್ಸಲ ನಮ್ಮನೇಲಿ ಏನೂ ಇರ್ಲಿಲ್ಲ, ನಾಲ್ಕು ಮಕ್ಕಳು ಕೈಗೆ ಕೈ ತಟ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ವು, ರಾತ್ರಿ ಒಂಬತ್ತೂವರೆಗೆ ರವೆ ಹುರಿದು ಕೇಸರಿಬಾತ್ ಮಾಡಿದೀನಿ. ಅಯ್ಯೋ, ಮೂರನೇ ಕೂಗು ಆಯ್ತು, ಇಡ್ತೀನಿ.