ಸಹಾಯ ಬೇಕು: ಕುರ್ಸುರಾ ಸಬ್‌ಮರೀನ್ ಒಳಗೆ ಮಂಡಿನೋವು ಇರೋರು ಓಡಾಡ್ಬಹುದಾ?

ಎಲ್ರಿಗೂ ನಮಸ್ಕಾರ, ಮುಂದಿನ ತಿಂಗಳು ಅಪ್ಪನ್ನ ವಿಶಾಖಪಟ್ಟಣಕ್ಕೆ ಕರ್ಕೊಂಡು ಹೋಗ್ತಿದೀನಿ, ಆರ್‌ಕೆ ಬೀಚ್‌ನಲ್ಲಿ ಈಗ ಮ್ಯೂಸಿಯಂ ಆಗಿರೋ ಐಎನ್‌ಎಸ್ ಕುರ್ಸುರಾ ಸಬ್‌ಮರೀನ್ ನೋಡ್ಬೇಕು ಅನ್ನೋದು ಅವ್ರ ಎಷ್ಟೋ ವರ್ಷದ ಆಸೆ. ಆ ಸಬ್‌ಮರೀನ್ 1969ರಲ್ಲಿ ನೌಕಾಪಡೆಗೆ ಸೇರಿದ್ದು, 2001ರಲ್ಲಿ ರಿಟೈರ್ ಆಗಿದ್ದು, ಮುಂದೆ 6 ಹಿಂದೆ 4 ಟಾರ್ಪಿಡೋ ಟ್ಯೂಬ್ ಇರೋದು, ಎಲ್ಲಾ ಅಪ್ಪಂಗೆ ಬಾಯಿಪಾಠ. ಆದ್ರೆ ಈಗ 74 ವರ್ಷ, ಮಂಡಿ ಸರಿಯಾಗಿ ಬಗ್ಗಲ್ಲ, ರೇಲಿಂಗ್ ಹಿಡ್ಕೊಂಡು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಊರಿ ಹತ್ತುತಾರೆ. ಹೋಗ್ಬಂದೋರು ದಯವಿಟ್ಟು ಹೇಳಿ, ಒಳಗೆ ಹೋಗೋ ಮೆಟ್ಟಿಲು ತುಂಬಾ ಕಡಿದಾಗಿದ್ಯಾ, ಒಂದು ಕಂಪಾರ್ಟ್‌ಮೆಂಟ್‌ನಿಂದ ಇನ್ನೊಂದಕ್ಕೆ ಬಗ್ಗಿ ಕಾಲೆತ್ತಿ ದಾಟ್ಬೇಕಾ, ಮಧ್ಯದಲ್ಲಿ ಸುಸ್ತಾದ್ರೆ ಕೂರೋಕೆ ಜಾಗ ಸಿಗುತ್ತಾ? ರಶ್ ಕಮ್ಮಿ ಇರೋ ಟೈಮ್ ಯಾವ್ದು? ಹಿಂದಿನಿಂದ ಜನ ತಳ್ಳಿದ್ರೆ ಅಪ್ಪ ಗಾಬರಿ ಆಗ್ತಾರೆ, ಅವ್ರು ನಿಧಾನಕ್ಕೆ ನಿಂತು ನೋಡ್ಲಿ ಅಂತ ನನ್ನಾಸೆ.