ಹಳೆಯ ಕೂಪರ್ ಎಸ್ ಅಸಲಿಯೋ ಅಲ್ಲವೋ: ಮುಂಗಡ ಕೊಡುವ ಮೊದಲು ಏನು ನೋಡಬೇಕು?

ಪ್ರಶ್ನೆ: 1966ರ ಮಿನಿ ಕೂಪರ್ ಎಸ್ (ಮಿನಿ ಕಾರಿನ ವೇಗದ ಮಾದರಿ) ಒಂದು ಮಾರಾಟಕ್ಕಿದೆ. ಬಣ್ಣ ಚೆನ್ನಾಗಿದೆ, ಓಡಿಸಿಯೂ ನೋಡಿದೆ. "ಎಲ್ಲಾ ಒರಿಜಿನಲ್, ನಂಬರ್ ಮ್ಯಾಚಿಂಗ್" ಎನ್ನುತ್ತಾರೆ ಮಾರುವವರು, ಅಂದರೆ ಎಂಜಿನ್ ನಂಬರ್ ಕಾರ್ಖಾನೆಯ ದಾಖಲೆಗೆ ಹೊಂದುತ್ತದಂತೆ. ದಪ್ಪ ಫೈಲ್ ಒಂದನ್ನೂ ತೋರಿಸಿದರು. ಆದರೆ ಮಾಮೂಲಿ ಮಿನಿಗೆ ಬ್ಯಾಡ್ಜ್ ಅಂಟಿಸಿ ಎಸ್ ಎಂದು ಮಾರುವವರೂ ಇದ್ದಾರಂತೆ. ಹಳೆ ಕಾರು ಕೊಂಡವರು, ಬಿಚ್ಚಿ ಜೋಡಿಸಿದವರು ದಯವಿಟ್ಟು ಅನುಭವ ಹೇಳಿ.

ಉತ್ತರ: ಮಿನಿ ಇಟ್ಟುಕೊಂಡವನು ನಾನು, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಮಾಂಟೆ ಕಾರ್ಲೋ ರ‍್ಯಾಲಿಯನ್ನು 1964, 1965, 1967ರಲ್ಲಿ ಗೆದ್ದ ಕಾರು ಇದು. ಆ ಹೆಸರಿಗೇ ಇಷ್ಟೊಂದು ನಕಲಿಗಳು ಹುಟ್ಟಿದ್ದು. ಬ್ಯಾಡ್ಜ್, ಗ್ರಿಲ್, ಅಗಲದ ಚಕ್ರ, ಸೀಟು ಎಲ್ಲವೂ ಹೊಸದಾಗಿಯೇ ಸಿಗುತ್ತವೆ. ಅವನ್ನು ನೋಡುತ್ತಾ ಹೊತ್ತು ಕಳೆಯಬೇಡಿ.

ನೇರವಾಗಿ ಬಾನೆಟ್ ಎತ್ತಿ. ಮಾಮೂಲಿ ಮಿನಿಯ ಎ-ಸೀರೀಸ್ ಎಂಜಿನ್ನಿನ ಹೆಡ್ಡನ್ನು (ಮೇಲಿನ ಭಾಗವನ್ನು) 9 ಸ್ಟಡ್ (ನಟ್ ಹಾಕಿ ಬಿಗಿಯುವ ಕಂಬಿ) ಹಿಡಿದಿರುತ್ತವೆ. ಎಸ್‌ನಲ್ಲಿ 10 ಸ್ಟಡ್, ಜೊತೆಗೆ ಒಂದು ಬೋಲ್ಟ್. ಎಣಿಸಲು ಒಂದು ನಿಮಿಷ ಸಾಕು. ಆಮೇಲೆ ಟಾರ್ಚು, ಸಣ್ಣ ಕನ್ನಡಿ ಹಿಡಿದು ಎಂಜಿನ್ನಿನ ಹಿಂಬದಿ, ಅಂದರೆ ಕಾರ್ಬುರೇಟರ್ ಇರುವ ಕಡೆ ನೋಡಿ. 1275 ಸಿಸಿಯ ಎಸ್‌ನ ಎಂಜಿನ್ ಒಡಲಾದ ಬ್ಲಾಕ್‌ನಲ್ಲಿ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಮುಚ್ಚಳಗಳು ಇರುತ್ತವೆ. ಆಮೇಲೆ ಬಂದ 1275 ಸಿಸಿ ಬ್ಲಾಕ್‌ಗಳಲ್ಲಿ ಅವು ಇಲ್ಲ. ಮುಚ್ಚಳ ಕಾಣದಿದ್ದರೆ ಆ ಎಂಜಿನ್ ಬೇರೆ ಯಾವುದೋ ಕಾರಿನದು. ಮುಂದಿನ ಡಿಸ್ಕ್ ಬ್ರೇಕನ್ನೂ ಅಳೆಯಿರಿ. ಎಸ್‌ನದು ಏಳೂವರೆ ಇಂಚು, ಬರೀ ಕೂಪರ್‌ನದು 7 ಇಂಚು.

ಇಷ್ಟೆಲ್ಲಾ ಸರಿಯಿದ್ದರೂ ಗೊತ್ತಾಗುವುದು ಒಂದೇ: ಎಸ್‌ನ ಭಾಗಗಳು ಅಲ್ಲಿವೆ. ಕಾರೂ ಎಸ್ ಹೌದೋ ಎಂದು ತಿಳಿಯಲು ಕಾರ್ಖಾನೆಯ ದಾಖಲೆ ಬೇಕು. ಅದು ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿದೆ. ಅವರು ಕೊಡುವ ಹೆರಿಟೇಜ್ ಸರ್ಟಿಫಿಕೇಟ್‌ನಲ್ಲಿ ಕಾರು ತಯಾರಾದ ದಿನ, ಮೊದಲ ಬಣ್ಣ, ಎಂಜಿನ್ ನಂಬರ್, ಎಲ್ಲಿಗೆ ಕಳಿಸಿದರು ಎಂಬುದೆಲ್ಲಾ ಬರುತ್ತದೆ. ಫೈಲ್‌ನಲ್ಲಿ ಈಗಾಗಲೇ ಒಂದು ಪ್ರತಿ ಇದ್ದರೂ ಮಾರುವವರಿಂದಲೇ ಹೊಸದಕ್ಕೆ ಅರ್ಜಿ ಹಾಕಿಸಿ. ಮುಖ್ಯ ದಾಖಲೆ ಹೊರಗಿನಿಂದ ಬರಲಿ, ಫೈಲ್‌ನಿಂದ ಅಲ್ಲ. "ಅಷ್ಟು ದಿನ ಯಾರು ಕಾಯುತ್ತಾರೆ, ಇನ್ನೊಬ್ಬರು ಕೇಳುತ್ತಿದ್ದಾರೆ" ಎಂದು ಅವಸರ ಮಾಡಿದರೆ ನಾನಾದರೆ ಅಲ್ಲಿಗೇ ಬಿಡುತ್ತೇನೆ.

ಇನ್ನೊಂದು ಮಾತು. ಸರ್ಟಿಫಿಕೇಟ್ ಹೇಳುವುದು ಅಂಥ ಕಾರೊಂದು ತಯಾರಾಗಿತ್ತು ಎಂದು ಮಾತ್ರ. ನಿಮ್ಮೆದುರು ನಿಂತಿರುವುದೇ ಅದು ಎಂದು ಅದು ಹೇಳುವುದಿಲ್ಲ. ಷಾಸಿ ಪ್ಲೇಟ್ ಎಂದರೆ ಷಾಸಿ ನಂಬರ್ ಇರುವ, ರಿವೆಟ್ ಹೊಡೆದ ತಗಡು ಅಷ್ಟೇ. ಗುಜರಿಗೆ ಹೋದ ಎಸ್‌ನಿಂದ ಕಿತ್ತು ಬೇರೆ ಕಾರಿನ ಬಾಡಿಯ ಮೇಲೆ ಹೊಡೆಯಬಹುದು. ರಿವೆಟ್ ಹೊಸದಾಗಿದೆಯಾ, ಪ್ಲೇಟ್ ಹಿಂದೆ ಇನ್ನೊಂದು ಜೋಡಿ ತೂತು ಇದೆಯಾ, ಕೆಳಗಿನ ಬಣ್ಣ ಸುತ್ತಲಿನ ಬಣ್ಣಕ್ಕೆ ಹೊಂದುತ್ತದೆಯಾ, ನೋಡಿ.

ಉತ್ತರ: ಮೇಲಿನವರು ಹೇಳಿದ್ದು ಸರಿ. ನನ್ನ ಕೆಲಸ ಜಾಸ್ತಿ ಅಮೆರಿಕದ ಕಾರುಗಳ ಮೇಲೆ. ಅಲ್ಲಿಯೂ ಇದೇ ಕಥೆ. ಪಾಂಟಿಯಾಕ್ ಜಿಟಿಓ 1964, 1965ರಲ್ಲಿ ಪ್ರತ್ಯೇಕ ಮಾಡೆಲ್ ಆಗಿರಲಿಲ್ಲ, ಲೆ ಮಾನ್ಸ್ ಕಾರಿಗೆ ಕೊಡುವ ಆಪ್ಷನ್ ಆಗಿತ್ತು. ಆದ್ದರಿಂದ ಕಾರಿನ ಷಾಸಿ ನಂಬರ್ ಓದಿ ಅದು ಜಿಟಿಓ ಎಂದು ಹೇಳಲು ಬರುವುದಿಲ್ಲ. ಮೂಲ ಇನ್ವಾಯ್ಸ್‌ನ ಪ್ರತಿ ತರಿಸಲೇಬೇಕು, ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್) ಎಂಬ ಸಂಸ್ಥೆಯಲ್ಲಿ ಅದು ಸಿಗುತ್ತದೆ. ಅಂದಹಾಗೆ, 17 ಅಕ್ಷರದ ನಂಬರ್ ಪದ್ಧತಿ ಅಲ್ಲಿ ಬಂದದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕಿಂತ ಹಳೆಯ ಕಾರಿನ ನಂಬರನ್ನು, ನಂಬರ್ ಓದಿ ಕಾರಿನ ವಿವರ ಹೇಳುವ ಈಗಿನ ಡಿಕೋಡರ್‌ಗೆ ಹಾಕಿ ಏನೂ ಬರಲಿಲ್ಲ ಎಂದು ಗಾಬರಿಯಾಗಬೇಡಿ.

ನಾನು ಮೊದಲು ನೋಡುವುದು ತಾರೀಖು. ಷೆವರ್ಲೆ ಬ್ಲಾಕ್ ಮೇಲೆ ಎರಕದ ದಿನ ಉಬ್ಬಿರುತ್ತದೆ. "ಸಿ 14 7" ಎಂದಿದ್ದರೆ ಮಾರ್ಚ್ 14, ವರ್ಷದ ಕೊನೆಯ ಅಂಕಿ 7. ಅದು 1967 ಇರಬಹುದು, 1977 ಕೂಡ ಇರಬಹುದು, ಇದನ್ನು ಮರೆಯುವವರೇ ಹೆಚ್ಚು. ಕಾರು ಜೋಡಣೆಯಾದ ದಿನಕ್ಕಿಂತ ಮೊದಲೇ ಬ್ಲಾಕ್ ಎರಕವಾಗಿರಬೇಕು ತಾನೆ? ಆಮೇಲಿನ ತಾರೀಖು ಕಂಡರೆ ಆ ಎಂಜಿನ್ ಕಾರಿನ ಜೊತೆ ಹುಟ್ಟಿದ್ದಲ್ಲ. ಗಾಜಿನ ಮೇಲಿನ ಗುರುತುಗಳನ್ನೂ ಹೀಗೇ ಓದಬಹುದು, ಆದರೆ ಗಾಜು ಒಡೆದು ಬದಲಾಗುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಷೆವರ್ಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ಗಳಲ್ಲಿ ಮೋಸ ಇನ್ನೂ ನುಣುಪು. ಎಂಜಿನ್ ನಂಬರ್ ಇರುವ ಜಾಗ ಬಲಗಡೆಯ ಹೆಡ್ಡಿನ ಮುಂದೆ ಇದೆ. ಕಾರ್ಖಾನೆಯಲ್ಲಿ ಆ ಮೈಯನ್ನು ಮೆಷಿನ್ ಮಾಡಿದಾಗ ಕೂದಲೆಳೆಯಂಥ ಸಾಲುಗೆರೆಗಳು ಉಳಿಯುತ್ತವೆ. ಹಳೆ ನಂಬರ್ ಉಜ್ಜಿ ಹೊಸದನ್ನು ಹೊಡೆದರೆ ಆ ಗೆರೆಗಳೂ ಹೋಗುತ್ತವೆ. ಹಾಗೆಂದು ಗೆರೆ ಇಲ್ಲದ್ದೆಲ್ಲಾ ನಕಲಿ ಅಲ್ಲ. ಎಂಜಿನ್ ಕೆಲಸಕ್ಕೆ ಬಿಚ್ಚಿದಾಗ ಬ್ಲಾಕಿನ ಮೈ ತರಿದಿದ್ದರೂ ಹೋಗಿರುತ್ತವೆ. ಆಗ ಆ ಕೆಲಸದ ಬಿಲ್ ಕೇಳಿ.

ಉತ್ತರ: ನಾನು ಟಿಂಕರಿಂಗ್ ಕಡೆಯವನು. ಬಣ್ಣದ ದಪ್ಪ ಅಳೆಯುವ ಮೀಟರ್ ಒಂದು ತನ್ನಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದೇ ಅರ್ಥ. ಈ ವಯಸ್ಸಿನ ಕಾರಿಗೆ ಮತ್ತೆ ಬಣ್ಣ ಹೊಡೆದಿರುವುದು ದೋಷವಲ್ಲ. ಡ್ಯಾಶ್‌ಬೋರ್ಡ್ ಹಿಂದೆ, ಸೀಟಿನ ಕೆಳಗೆ, ಡಿಕ್ಕಿಯ ಕಾರ್ಪೆಟ್ ಅಡಿಯಲ್ಲಿ ಮಾತ್ರ ನೋಡಿ. ಮೊದಲ ಬಣ್ಣ ಅಲ್ಲೆಲ್ಲೋ ಉಳಿದಿರುತ್ತದೆ. ಅದು ಸರ್ಟಿಫಿಕೇಟ್‌ನ ಬಣ್ಣವೇ ಆಗಿರಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಎಂಜಿನ್ ನಂಬರ್ ಮಾತ್ರ ಹೊಂದಲಿಲ್ಲ ಎಂದುಕೊಳ್ಳಿ. ಕಾರನ್ನೇ ಬಿಡಬೇಕಾ?

ಉತ್ತರ: ಸುಮ್ನೆ ಬಿಡಬೇಡಿ. ರ‍್ಯಾಲಿ, ರೇಸ್ ಓಡಿದ ಕಾರಿನ ಎಂಜಿನ್ ಬದಲಾಗುವುದು ಮಾಮೂಲು. "ಓಲ್ಡ್ ನಂಬರ್ ಒನ್" ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಇದೆಯಲ್ಲ, 1929 ಮತ್ತು 1930ರ ಲೆ ಮಾನ್ಸ್ ರೇಸ್ ಗೆದ್ದದ್ದು, ಅದರ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ ಜಗಳವೇ ನಡೆಯಿತು. ಗೆದ್ದಾಗಿನ ಭಾಗಗಳು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಅದು ಒಂದೇ ಸಮನೆ ಅದೇ ಕಾರಾಗಿ ಬದಲಾಗುತ್ತಾ ಬಂದಿದೆ, ಆದ್ದರಿಂದ ಅಸಲಿಯೇ ಎಂದು 1990ರಲ್ಲಿ ತೀರ್ಪು ಬಂತು. ಬದಲಾದದ್ದನ್ನು ಬಾಯಿಬಿಟ್ಟು ಹೇಳಿದರೆ ಬೆಲೆಯಲ್ಲಿ ಮಾತಾಡಿಕೊಳ್ಳಬಹುದು. ಬದಲಾದದ್ದನ್ನು ಮುಚ್ಚಲು ನಂಬರ್ ತಿದ್ದಿದ್ದರೆ ಅದು ಬೇರೆ ವಿಷಯ. ಅಂಥವರು ಇನ್ನೇನು ಮುಚ್ಚಿಟ್ಟಿದ್ದಾರೋ.

ಉತ್ತರ: ಯಾರೂ ಹೇಳದ ಒಂದು ಸಣ್ಣ ವಿಷಯ. ಕಾರು ಕಳವಿನದಲ್ಲ, ಮೇಲೆ ಸಾಲ ಬಾಕಿ ಇಲ್ಲ ಎಂಬುದನ್ನು ಮೊದಲೇ ವಿಚಾರಿಸಿ. ಇದು ಸ್ಟಡ್ ಎಣಿಸುವುದಕ್ಕಿಂತ ಮುಂಚಿನ ಕೆಲಸ. ಎಲ್ಲಾ ಒಪ್ಪಿಗೆಯಾದ ಮೇಲೆ ರಸೀದಿಯಲ್ಲಿ ಬರೀ "1966ರ ಮಿನಿ" ಎಂದು ಬರೆಸಿಕೊಳ್ಳಬೇಡಿ. "ಕಾರ್ಖಾನೆಯಲ್ಲೇ ತಯಾರಾದ ಕೂಪರ್ ಎಸ್, ಷಾಸಿ ನಂಬರ್ ಇಂಥದ್ದು, ಎಂಜಿನ್ ನಂಬರ್ ಇಂಥದ್ದು, ಮೂಲ ಎಂಜಿನ್" ಎಂದು ಪೂರ್ತಿ ಬರೆಸಿ ಸಹಿ ಹಾಕಿಸಿ. ಬಾಯಲ್ಲಿ "ಎಲ್ಲಾ ಒರಿಜಿನಲ್" ಎಂದವರು ಈ ಸಾಲಿಗೆ ಪೆನ್ನು ಎತ್ತಲು ಹಿಂದೆ ಮುಂದೆ ನೋಡಿದರೆ, ಮುಂಗಡ ಜೇಬಿನಲ್ಲೇ ಇರಲಿ.