ಟ್ರೈಲರ್ ಎಳೆಯೋ ಎಫ್-150ಗೆ ಯಾವ ಬ್ರೇಕ್ ರೋಟರ್, ಯಾವ ಪ್ಯಾಡ್? (ಐ-70 ಇಳಿಜಾರು)

ಡೆನ್ವರ್_ಮಂಜ:
ಎಲ್ರಿಗೂ ನಮಸ್ಕಾರ. ನಂದು 2017ರ ಫೋರ್ಡ್ ಎಫ್-150 ಪಿಕಪ್ ಟ್ರಕ್, 3.5 ಇಕೋಬೂಸ್ಟ್ ಇಂಜಿನ್, 78 ಸಾವಿರ ಮೈಲಿ ಓಡಿದೆ. ಹಿಂದೆ 26 ಅಡಿ ಟ್ರಾವೆಲ್ ಟ್ರೈಲರ್, ನೀರು ಗ್ಯಾಸು ಪಾತ್ರೆ ಪಗಡ ಎಲ್ಲಾ ತುಂಬ್ಕೊಂಡು ಸ್ಕೇಲ್ ಮೇಲೆ ನಿಲ್ಸಿದ್ರೆ 6,400 ಪೌಂಡ್ ಬಂತು. ಬೇಸಿಗೇಲಿ ಮಕ್ಕಳನ್ನ ಕರ್ಕೊಂಡು ಕೊಲೊರಾಡೊದ ಐ-70 ಹೆದ್ದಾರೀಲಿ ಪಶ್ಚಿಮಕ್ಕೆ ಹೋಗ್ತಾ ಇರ್ತೀವಿ. ಐಸೆನ್‌ಹೋವರ್ ಟನಲ್ ದಾಟಿದ ತಕ್ಷಣ ಸಿಲ್ವರ್‌ಥಾರ್ನ್ ಕಡೆಗೆ 7 ಪರ್ಸೆಂಟ್ ಇಳಿಜಾರು ಇದೆಯಲ್ಲ, ಅಲ್ಲಿ ಅರ್ಧ ಇಳಿಯೋಷ್ಟ್ರಲ್ಲಿ ಸ್ಟೀರಿಂಗ್ ಗಡಗಡ ಅನ್ನತ್ತೆ, ಸುಟ್ಟ ವಾಸನೆ ಬರತ್ತೆ, ಪೆಡಲ್ಲು ಮಾಮೂಲಿಗಿಂತ ಕೆಳಗೆ ಹೋದಂಗೆ ಅನ್ಸತ್ತೆ. ಕೆಳಗೆ ಬಂದು ಸ್ವಲ್ಪ ಹೊತ್ತು ನಿಲ್ಸಿದ್ರೆ ಪೆಡಲ್ ಸರಿಹೋಗತ್ತೆ, ಗಡಗಡ ಮಾತ್ರ ಈಗ ಊರೊಳಗೂ ಶುರುವಾಗಿದೆ.

ಗ್ಯಾರೇಜಲ್ಲಿ ಕೇಳಿದ್ರೆ ರೋಟರ್ (ಚಕ್ರದ ಜೊತೆ ತಿರುಗೋ ಬ್ರೇಕ್ ಡಿಸ್ಕ್) ಸೊಟ್ಟ ಆಗಿದೆ ನಾಲ್ಕೂ ಚೇಂಜ್ ಮಾಡಿ ಅಂದ್ರು. ಆನ್‌ಲೈನಲ್ಲಿ ನೋಡಿದ್ರೆ ತೂತು ಕೊರೆದು ಗೀರು ಹಾಕಿರೋ ರೋಟರ್ ಪ್ಲಸ್ ಪ್ಯಾಡ್ (ರೋಟರನ್ನ ಒತ್ತಿ ಹಿಡಿಯೋ ತುಂಡು) ಕಿಟ್ಟು 'ಟೋಯಿಂಗ್‌ಗೆ ಸ್ಪೆಷಲ್' ಅಂತ ಸಿಗ್ತಿದೆ. ಅದು ನಿಜವಾಗ್ಲೂ ಕೆಲ್ಸ ಮಾಡತ್ತಾ ಇಲ್ಲ ನೋಡೋಕಷ್ಟೇ ಚೆಂದನಾ? ಪ್ಯಾಡು ಸೆರಾಮಿಕ್ಕಾ ಸೆಮಿ ಮೆಟಾಲಿಕ್ಕಾ (ಲೋಹ ಬೆರೆಸಿದ್ದು)? ಕೆಲ್ಸ ನಾನೇ ಮನೇಲಿ ಮಾಡ್ಕೋತೀನಿ, ಟೂಲ್ಸ್ ಎಲ್ಲಾ ಇದೆ.

ಹುಬ್ಬಳ್ಳಿ_ಹೈದ:
ಮಂಜಣ್ಣ, ರೋಟರ್ ಆಮ್ಯಾಲೆ ನೋಡೋಣು, ಮೊದ್ಲ ಒಂದ್ ಲೆಕ್ಕಾ ಹೇಳ್ತೀನಿ ಕೇಳ್ರಿ. ನಿಮ್ ಟ್ರಕ್ಕು ಟ್ರೈಲರ್ ಕೂಡಿ 12,000 ಪೌಂಡ್ ಹಿಡಿರಿ, ಅಂದ್ರ 5,400 ಕೆಜಿ ಮ್ಯಾಲ. ಸ್ಪೀಡ್ ಏರಸದ 1,000 ಅಡಿ ಕೆಳಗ ಇಳೀಬೇಕಂದ್ರ ಸುಮಾರು 1.6 ಕೋಟಿ ಜೌಲ್ ಶಕ್ತಿ ಎಲ್ಲ್ಯಾರ ಕಳೀಬೇಕು. ರೋಟರ್ ಒಂದಕ್ಕ 10-12 ಕೆಜಿ ಅಂತ ಇಟ್ಕೊಂಡ್ರ, ಆ ಬಿಸಿ ಎಲ್ಲಾ ನಾಲ್ಕು ರೋಟರಿಗೇ ಹೋತಂದ್ರ 600-700 ಡಿಗ್ರಿ ಸೆಲ್ಸಿಯಸ್ ಏರ್ತೈತಿ. ಟನಲಿಂದ ಸಿಲ್ವರ್‌ಥಾರ್ನ್‌ಗೆ 2,000 ಅಡಿಗಿಂತ ಜಾಸ್ತಿ ಇಳಕಲ ಐತಿ. ಗಾಳಿ ಒಂದಿಷ್ಟು ತಿಂತೈತಿ ಖರೆ, ಆದ್ರ ಈ ಲೆಕ್ಕದಾಗ ಯಾವ ಕಂಪನಿ ರೋಟರ್ ಹಾಕಿದ್ರೂ ಅಷ್ಟ. ಆ ಶಕ್ತಿನ ಇಂಜಿನ್ನು ಮತ್ತ ಟ್ರೈಲರ್ ಬ್ರೇಕು ಹಂಚ್ಕೋಬೇಕು.

ಅದಕ್ಕ ನನ್ ಪ್ರಶ್ನೆ ಮೂರು. ಟೋ/ಹಾಲ್ ಮೋಡ್ (ಭಾರ ಎಳಿಯೂ ಮುಂದ ಹಾಕೂ ಗೇರ್ ಸೆಟ್ಟಿಂಗ್) ಹಾಕ್ತೀರೇನು, ಟನಲ್ ಒಳಗ ಇದ್ದಾಗನ ಗೇರ್ ಇಳಸ್ತೀರೇನು? ಟ್ರೈಲರ್ ಬ್ರೇಕ್ ಕಂಟ್ರೋಲರ್ ಗೇನ್ (ಟ್ರೈಲರ್ ಬ್ರೇಕ್ ಎಷ್ಟು ಜೋರು ಹಿಡೀಬೇಕು ಅನ್ನೂ ನಂಬರ್) ಎಷ್ಟಕ್ಕ ಇಟ್ಟೀರಿ? ಬ್ರೇಕ್ ಫ್ಲೂಯಿಡ್ ಯಾವಾಗ ಬದ್ಲಿ ಮಾಡ್ಸೀರಿ? ಪೆಡಲ್ ಕೆಳಗ ಹೋಗಿ ತಣ್ಣಗಾದ ಮ್ಯಾಲ ಸರಿ ಆಗ್ತೈತಿ ಅಂದ್ರಲ್ಲ, ಅದು ಫ್ಲೂಯಿಡ್ ಕುದ್ದ ಲಕ್ಷಣ. ಪ್ಯಾಡ್ ಅಷ್ಟ ಸೋತ್ರ ಪೆಡಲ್ ಗಟ್ಟಿನ ಇರ್ತೈತಿ, ಒತ್ತಿದ್ರೂ ಗಾಡಿ ನಿಲ್ಲೂದಿಲ್ಲ. ಎರಡೂ ಬ್ಯಾರೆ ಬ್ಯಾರೆ. ಹೊಸಾ ಡಾಟ್ 4 ಫ್ಲೂಯಿಡ್ 230 ಡಿಗ್ರಿ ತನಕ ಕುದಿಯೂದಿಲ್ಲ, ಆದ್ರ ನೀರಿನ ಪಸೆ ಎಳ್ಕೊಂಡ್ ಮ್ಯಾಲ ಅದರ ಕನಿಷ್ಠ ಲೆಕ್ಕ 155ಕ್ಕ ಬರ್ತೈತಿ. 2017ರಿಂದ ಅದ ಫ್ಲೂಯಿಡ್ ಇದ್ರ ಮೊದ್ಲ ಅದನ್ನ ತಗಸ್ರಿ, ಒಂದೆರಡು ಬಾಟ್ಲಿ ಖರ್ಚು ಅಷ್ಟ. ಯಾವ ಗ್ರೇಡ್ ಅಂತ ಫ್ಲೂಯಿಡ್ ಡಬ್ಬಿ ಮುಚ್ಚಳದ ಮ್ಯಾಲ ಬರ್ದಿರ್ತೈತಿ, ಹೆಸರು ಹತ್ರ ಐತಿ ಅಂತ ಡಾಟ್ 5 ಹಾಕಬ್ಯಾಡ್ರಿ ಅದು ಸಿಲಿಕೋನ್.

ಕುಡ್ಲ_ಟು_ಕ್ಯಾಲ್ಗರಿ:
ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ಗಡಗಡ ಅಂತ ಶುರುವಾದ ಮೇಲೆ ರೋಟರ್ ಹೇಗೂ ಬದಲು ಮಾಡ್ಲೇಬೇಕಲ್ಲ ಮಾರಾಯ್ರೆ. ಹಾಗಾಗಿ ಆ ಬಗ್ಗೆ ಹೇಳ್ತೇನೆ.

ರೋಟರ್ 'ಸೊಟ್ಟ' ಆಗುದು ಅಪರೂಪ. ಹೆಚ್ಚಾಗಿ ಆಗುದು ಎಂತ ಅಂದ್ರೆ, ಕಾದ ಪ್ಯಾಡಿನ ಮೆಟೀರಿಯಲ್ ರೋಟರ್ ಮೇಲೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಅಂಟಿಕೊಳ್ತದೆ. ಕಾದ ಬ್ರೇಕ್ ಒತ್ತಿ ಹಿಡ್ಕೊಂಡೇ ನಿಂತ್ರೆ ಪ್ಯಾಡಿನ ಅಚ್ಚು ಅಲ್ಲೇ ಕೂತುಕೊಳ್ತದೆ. ಇನ್ನೊಂದು, ಹಬ್ಬಿನ (ರೋಟರ್ ಕೂರುವ ಚಕ್ರದ ನಡುಭಾಗ) ಮೇಲೆ ತುಕ್ಕು ಇದ್ದು ರೋಟರ್ ಸರಿ ಕೂರದಿದ್ರೆ ಕೂದಲೆಳೆಯಷ್ಟು ಓರೆ ತಿರುಗಿ ಕೆಲವು ಸಾವಿರ ಮೈಲಿಯಲ್ಲಿ ಅದೇ ಗಡಗಡ. ನಿಮ್ಮ ಕೊಲೊರಾಡೊದಲ್ಲಿ ಚಳಿಗಾಲಕ್ಕೆ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಹೊಡೀತಾರಲ್ಲ, ಅದು ಕಬ್ಬಿಣ ತಿನ್ಲಿಕ್ಕೆ ಒಂದನೇ ನಂಬರ್. ಹೊಸ ರೋಟರ್ ಹಾಕುವ ಮೊದಲು ಹಬ್ ಮುಖವನ್ನು ವೈರ್ ಬ್ರಷಿನಲ್ಲಿ ಹೊಳೆಯುವ ಹಾಗೆ ಉಜ್ಜಿ. ಕ್ಯಾಲಿಪರ್ (ಪ್ಯಾಡನ್ನು ರೋಟರಿಗೆ ಒತ್ತುವ ಭಾಗ) ಸ್ಲೈಡ್ ಪಿನ್ ಎಳೆದು ನೋಡಿ, ಒಂದು ಪಿನ್ ಹಿಡ್ಕೊಂಡಿದ್ರೂ ಆ ಚಕ್ರದ ಪ್ಯಾಡ್ ಬಿಡದೆ ಉಜ್ಜುತ್ತಾ ಕಾಯ್ತಾ ಇರ್ತದೆ.

ತೂತಿನ ರೋಟರ್ ನಾನಂತೂ ಟೋಯಿಂಗಿಗೆ ಹಾಕುದಿಲ್ಲ. ಹಿಂದಿನ ಕಾಲದ ಪ್ಯಾಡಿಂದ ಗ್ಯಾಸ್ ಬರ್ತಿತ್ತು, ಅದು ಹೋಗ್ಲಿಕ್ಕೆ ತೂತು ಬೇಕಿತ್ತು, ಈಗಿನ ಪ್ಯಾಡಿಗೆ ಅದರ ಅಗತ್ಯ ಕಮ್ಮಿ. ಕಾದು ತಣಿದು ಕಾದು ತಣಿದು ತೂತಿನ ಅಂಚಿನಿಂದಲೇ ಬಿರುಕು ಬಿಡ್ಲಿಕ್ಕೆ ಶುರು, ಮತ್ತೆ ತೂತು ಅಂದ್ರೆ ಅಷ್ಟು ಕಬ್ಬಿಣ ಕಮ್ಮಿ, ಬಿಸಿ ಹಿಡಿಲಿಕ್ಕೆ ಬೇಕಾದ್ದೇ ಕಬ್ಬಿಣ. ಬರೀ ಗೀರು ಇದ್ರೆ ಅಡ್ಡಿಲ್ಲ, ಸ್ವಲ್ಪ ಸೌಂಡು, ಪ್ಯಾಡ್ ಬೇಗ ಸವೀತದೆ ಅಷ್ಟೆ. ನನ್ನ ಆಯ್ಕೆ ಕೇಳಿದ್ರೆ ಪ್ಲೈನ್, ತುಕ್ಕು ಹಿಡಿಯದ ಕೋಟಿಂಗ್ ಇರುವ, ಒಳ್ಳೆ ತೂಕದ ರೋಟರ್. ಪ್ಯಾಡ್ ಸೆಮಿ ಮೆಟಾಲಿಕ್, ಹಾಕ್ ಕಂಪನಿಯ ಎಲ್‌ಟಿಎಸ್ ತರದ್ದು. ಧೂಳು ಬರ್ತದೆ, ವೀಲ್ ಕಪ್ಪಾಗ್ತದೆ, ಹೆಂಡತಿ ಬೈತಾಳೆ.

ಪ್ಯಾಡಿನ ಬೆನ್ನಲ್ಲೋ ಅಂಚಲ್ಲೋ ಎರಡು ಇಂಗ್ಲಿಷ್ ಅಕ್ಷರ ಉಂಟಲ್ಲ, ಅದನ್ನು ನೋಡಿ ತಗೊಳ್ಳಿ. ಮೊದಲನೇದು ಮಾಮೂಲಿ ಬಿಸಿಯ ಹಿಡಿತ, ಎರಡನೇದು ಜಾಸ್ತಿ ಕಾದಾಗಿನದ್ದು. 'ಇ' ಅಂದ್ರೆ ಘರ್ಷಣೆಯ ಲೆಕ್ಕ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' ಅದಕ್ಕೂ ಮೇಲೆ. ಎರಡನೇ ಅಕ್ಷರ ಮೊದಲನೇದಕ್ಕಿಂತ ಕೆಳಗಿನದ್ದಾದ್ರೆ ಘಾಟಿಗೆ ಬೇಡ. ಆದ್ರೆ ಆ ಅಕ್ಷರ ಹಿಡಿತದ್ದು ಮಾತ್ರ, ಪ್ಯಾಡ್ ಎಷ್ಟು ಬಾಳ್ತದೆ ಅಂತ ಹೇಳುದಿಲ್ಲ.

ಸಕಲೇಶಪುರ_ಪಿಕಪ್:
ನಾವು ಟ್ರೈಲರ್ ಎಲ್ಲ ಎಳ್ಯಲ್ಲ ಸರ್, ಬೊಲೆರೊ ಪಿಕಪ್ಪಲ್ಲಿ ಕಾಫಿ ಮೂಟೆ ಹೇರ್ಕೊಂಡು ಶಿರಾಡಿ ಇಳಿಯೋರು. ಮುಂದೆ ಡಿಸ್ಕು ಹಿಂದೆ ಡ್ರಮ್ಮು. ನಮ್ಮಲ್ಲಿ ಹೇಳೋದು ಇಷ್ಟೇ, ಹತ್ತೋಕೆ ಯಾವ ಗೇರ್ ಬೇಕಾಯ್ತೋ ಅದ್ರಲ್ಲೇ ಇಳೀಬೇಕು. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿಯೋ ಹೊಸ ಹುಡುಗ್ರ ಗಾಡಿ ಪಕ್ಕ ಹೋದ್ರೇ ಲೈನರ್ ವಾಸ್ನೆ ಬರುತ್ತೆ. ಒತ್ತಿ ಸ್ಪೀಡ್ ಇಳ್ಸಿ, ಪೂರ್ತಿ ಬಿಡಿ, ಮತ್ತೆ ಒತ್ತಿ. ಹಿಂದಿನ ಡ್ರಮ್ ಅಡ್ಜಸ್ಟ್ ಇಲ್ದೆ ಇದ್ರೆ ಮುಂದಿನ ಡಿಸ್ಕಿಗೆ ಲೋಡ್ ಎಲ್ಲ ಬೀಳುತ್ತೆ, ನಿಮ್ ಟ್ರೈಲರಲ್ಲೂ ಡ್ರಮ್ಮೇ ಅಲ್ವಾ, ಅದನ್ನ ಯಾರಾದ್ರೂ ಬಿಚ್ಚಿ ನೋಡಿದಾರಾ?

ಡೆನ್ವರ್_ಮಂಜ:
ಎಲ್ರಿಗೂ ಥ್ಯಾಂಕ್ಸ್. ಟೋ/ಹಾಲ್ ಯಾವಾಗ್ಲೂ ಹಾಕಿರ್ತೀನಿ. ಗೇನ್ 4ರಲ್ಲಿ ಇದೆ, ಟ್ರೈಲರ್ ಕೊಟ್ಟಾಗ ಅವ್ರೇ ಸೆಟ್ ಮಾಡಿದ್ದು. ಫ್ಲೂಯಿಡ್ ಕಂಪನಿಯಿಂದ ಬಂದಿದ್ದೇ. ಟ್ರೈಲರ್ ಡ್ರಮ್ ಯಾರೂ ಬಿಚ್ಚಿಲ್ಲ.

ಹುಬ್ಬಳ್ಳಿ_ಹೈದ:
ಹಂಗಾದ್ರ ಸಕಲೇಶಪುರದ ಅಣ್ಣಾರ್ ಸರಿಯಾಗಿ ಹಿಡದಾರ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತಗೊಂಡು, ಟ್ರೈಲರ್ ಕಟ್ಕೊಂಡು ಜೆನೆಸಿಯಿಂದ ಮಾರಿಸನ್ ಕಡೆ ಇಳದು, ನಿಂತ ಕೂಡ್ಲೆ ಎಲ್ಲಾ ಚಕ್ರದ ಬಿಸಿ ನೋಡ್ರಿ. ಟ್ರಕ್ಕಿನ ಮುಂದಿನ ರೋಟರ್ ಕೆಂಡ ಆಗಿ ಟ್ರೈಲರ್ ಡ್ರಮ್ ಉಗುರು ಬೆಚ್ಚಗ ಇದ್ರ ನಿಮ್ ಟ್ರಕ್ಕ ಎರಡೂ ಗಾಡಿ ನಿಲ್ಲಸಾಕ ಹತ್ತೈತಿ. ಗೇನ್ ಸೆಟ್ ಮಾಡೂದು ಹೆಂಗಂದ್ರ, ಖಾಲಿ ಸಪಾಟ ಡಾಂಬರ ರಸ್ತೆಮ್ಯಾಲ 20-25 ಮೈಲಿ ಸ್ಪೀಡಿನಾಗ ಕೈಲಿಂದ ಟ್ರೈಲರ್ ಬ್ರೇಕ್ ಪೂರ್ತಿ ಒತ್ರಿ, ಟ್ರೈಲರ್ ಚಕ್ರ ಲಾಕ್ ಆಗೂ ತನಕ ಏರಸ್ರಿ, ಅಲ್ಲಿಂದ ಚೂರು ಇಳಸ್ರಿ. ಅವ್ರು ಕೊಡೂ ಮುಂದ ಸೆಟ್ ಮಾಡಿದ್ದು ಖಾಲಿ ಟ್ರೈಲರಿಗೆ, ತುಂಬಿದ್ದಕ್ಕ ಅಲ್ಲ.

ಡೆನ್ವರ್_ಮಂಜ:
ಇವತ್ತು ನೋಡ್ದೆ. ಟ್ರಕ್ ಮುಂದಿನ ರೋಟರ್ ಎರಡೂ 260 ಡಿಗ್ರಿ ಮೇಲೆ, ಟ್ರೈಲರಿನ ಬಲಗಡೆ ಎರಡು ಡ್ರಮ್ 90ರ ಹತ್ರ, ಎಡಗಡೆ ಎರಡು ಬಿಸಿನೇ ಆಗಿಲ್ಲ! ಕೈ ಇಟ್ರೂ ಏನೂ ಇಲ್ಲ.

ಕುಡ್ಲ_ಟು_ಕ್ಯಾಲ್ಗರಿ:
ಟ್ರೈಲರ್ ಬ್ರೇಕ್ ಕರೆಂಟಿನದ್ದಲ್ಲ, ಎಡಗಡೆ ಎರಡಕ್ಕೂ ಕರೆಂಟೇ ಹೋಗ್ತಾ ಇಲ್ಲ ಅಂತ ಕಾಣ್ತದೆ. ಆಕ್ಸಲ್ ಒಳಗಿಂದ ಆಚೆ ಬದಿಗೆ ಹೋಗುವ ವೈರ್ ಉಜ್ಜಿ ಕಟ್ಟಾಗಿರ್ಬಹುದು, ಇಲ್ಲ ಜಾಯಿಂಟ್ ಕಿಲುಬು ಹಿಡಿದಿರ್ಬಹುದು. ಮೀಟರ್ ಹಾಕಿ. 10 ಇಂಚು ಬ್ರೇಕಾದ್ರೆ ಬ್ರೇಕ್ ಹಿಡಿಸುವ ಒಂದು ಮ್ಯಾಗ್ನೆಟ್ ಸುಮಾರು 3 ಓಮ್, ಎಲ್ಲ ಸರಿ ಇದ್ರೆ ನಾಲ್ಕೂ ಸೇರಿ ಪೂರ್ತಿ ಒತ್ತಿದಾಗ 15 ಆಂಪಿಯರ್ ಹತ್ರ ಎಳೀಬೇಕು. ಹಾಗೇ ಜ್ಯಾಕ್ ಹಾಕಿ ಶೂ (ಡ್ರಮ್ ಒಳಗೆ ಒತ್ತುವ ಪಟ್ಟಿ) ಅಡ್ಜಸ್ಟ್ ಮಾಡಿ, ಡೆಕ್ಸ್‌ಟರ್ ಆಕ್ಸಲ್ ಆದ್ರೆ 3,000 ಮೈಲಿಗೊಮ್ಮೆ ಅಂತ ಅವರ ಪುಸ್ತಕದಲ್ಲೇ ಉಂಟು.

ಡೆನ್ವರ್_ಮಂಜ:
ವೈರೇ ಸರ್, ಎರಡೂ ಆಕ್ಸಲಲ್ಲಿ ಎಡಗಡೆಗೆ ಹೋಗೋ ಜಾಯಿಂಟ್ ಹಸಿರು ಪುಡಿ ಆಗಿತ್ತು. ಬೇರೆ ಎಳ್ದು ಸಾಲ್ಡರ್ ಮಾಡಿ ಶೂನೂ ಅಡ್ಜಸ್ಟ್ ಮಾಡಿದೀನಿ, ಈಗ 14 ಚಿಲ್ಲರೆ ಆಂಪಿಯರ್ ತೋರಿಸ್ತಿದೆ. ಫ್ಲೂಯಿಡ್ ತೆಗ್ದು ಹೊಸದು ಹಾಕ್ದೆ, ಹಳೇದು ಡಿಕಾಕ್ಷನ್ ಕಲರ್ ಇತ್ತು. ಮುಂದಕ್ಕೆ ಪ್ಲೈನ್ ಕೋಟೆಡ್ ರೋಟರ್, ಸೆಮಿ ಮೆಟಾಲಿಕ್ ಪ್ಯಾಡ್ ಆರ್ಡರ್ ಹಾಕಿದೀನಿ. ಹಿಂದಿನ ರೋಟರ್ ದಪ್ಪ ಅಳೆದೆ, ಅದ್ರ ಮೇಲೆ ಕೆತ್ತಿರೋ ಕನಿಷ್ಠಕ್ಕಿಂತ ಚೆನ್ನಾಗೇ ಜಾಸ್ತಿ ಇದೆ, ಅದನ್ನ ಮುಟ್ಟಲ್ಲ.

ಹುಬ್ಬಳ್ಳಿ_ಹೈದ:
ಛಲೋ ಆತು. ಗೀರಿನ ರೋಟರ್ ಬಗ್ಗೆ ನಂಗ ಕುಡ್ಲದವರಿಗಿಂತ ಜರಾ ಒಲವು ಜಾಸ್ತಿ, ಮಳ್ಯಾಗ ಹಿಡಿತ ಲಗೂ ಬರ್ತೈತಿ ಅಂತ ನನ್ ಅನುಭವ, ಇರ್ಲಿ ಬಿಡ್ರಿ. ಹಾಕಿದ ಮ್ಯಾಲ ಪ್ಯಾಡ್ ಕೂಡಸೂದು ಮರೀಬ್ಯಾಡ್ರಿ. ಟ್ರೈಲರ್ ಬಿಚ್ಚಿಟ್ಟು ಖಾಲಿ ರಸ್ತೆದಾಗ 60ರಿಂದ 10 ಮೈಲಿಗೆ ಎಂಟ್ಹತ್ತು ಸಲ ಇಳಸ್ರಿ, ಪೂರ್ತಿ ನಿಲ್ಲಬ್ಯಾಡ್ರಿ, ಆಮ್ಯಾಲ ಹತ್ತು ಮಿನಿಟು ಬ್ರೇಕ್ ಒತ್ತದ ಹಂಗ ಓಡ್ಸಿ ತಣ್ಣಗ ಮಾಡ್ರಿ. ಪ್ಯಾಡಿನ ಡಬ್ಬಿಮ್ಯಾಲ ಬ್ಯಾರೆ ಪದ್ಧತಿ ಬರ್ದಿದ್ರ ಅದನ್ನ ಮಾಡ್ರಿ.

ಕುಡ್ಲ_ಟು_ಕ್ಯಾಲ್ಗರಿ:
ವೀಲ್ ನಟ್ ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿ ಮಾಡ್ಬೇಡಿ, ಟಾರ್ಕ್ ವ್ರೆಂಚಿನಲ್ಲಿ 150 ಪೌಂಡ್-ಅಡಿ, ಅಡ್ಡಡ್ಡ ಸರದಿಯಲ್ಲಿ. ಸ್ವಲ್ಪ ಓಡಿಸಿ ಮತ್ತೊಮ್ಮೆ ಚೆಕ್ ಮಾಡಿ. ಮತ್ತೆ ವೆಯ್ಟ್ ಡಿಸ್ಟ್ರಿಬ್ಯೂಶನ್ ಹಿಚ್ (ಟ್ರೈಲರಿನ ಭಾರವನ್ನು ಟ್ರಕ್ಕಿನ ಮುಂದಿನ ಚಕ್ರಕ್ಕೂ ಹಂಚುವ ಕೊಂಡಿ) ಉಂಟಾ? ಅದರ ಸೆಟ್ಟಿಂಗ್ ಸಡಿಲ ಇದ್ರೆ ಟ್ರಕ್ಕಿನ ಮೂತಿ ಎದ್ದು ಮುಂದಿನ ಟಯರಿನ ಹಿಡಿತವೇ ಕಮ್ಮಿ ಆಗ್ತದೆ. ಫೋಟೋ ಒಂದು ಹಾಕಿ, ಸೈಡಿನಿಂದ, ಟ್ರೈಲರ್ ಕಟ್ಟಿದ್ದು.